ನಾದಿನಿ ಬರುವುದರೊಳಗೆ ಚಾಕು ಹರಿತವಾಗಬೇಕು

ಯಾವ ಕೆಲಸವನ್ನು ಶಿಸ್ತಿನಿಂದ ಮಾಡಲು ಹೊರಟರೂ ನಮ್ಮ ಮನೆಯಲ್ಲಿ ಅದು ನಗೆಪಾಟಲಾಗಿಯೇ ಮುಗಿಯುತ್ತದೆ. ತಪ್ಪು ನನ್ನದಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು ನಾನು. ಸೊಪ್ಪನ್ನೂ ಒಂದೇ ಅಳತೆಗೆ ಹೆಚ್ಚುತ್ತೇನೆ. ಬೈಲಹೊಂಗಲದ ಈ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಯಿತು. ಇಲ್ಲಿಯವರಿಗೆ ಅಳತೆಯ ಮಹತ್ವ ಇನ್ನೂ ತಿಳಿದಿಲ್ಲ.

ರಾಮದುರ್ಗಕ್ಕೆ ಕೊಟ್ಟಿರುವ ನನ್ನ ನಾದಿನಿ ಪ್ರತಿ ವರ್ಷ ಪಂಚಮಿಗೆ ತವರಿಗೆ ಬರುತ್ತಾಳೆ. ಹೋದ ವರ್ಷ ಹಬ್ಬ ಮುಗಿದ ಮರುದಿನ ನನ್ನ ಚಾಕುವಿನ ಮೇಲೆ ಹೆಬ್ಬೆರಳು ಆಡಿಸಿ, ಎಲ್ಲರ ಮುಂದೆ, “ವೈನಿ, ಇದನ್ನ ಹುಡುಗರ ಕೈಯಾಗ ಆಡ್ಲಿಕ್ಕೆ ಕೊಡ್ರಿ. ಏನೂ ಆಗಂಗಿಲ್ಲ” ಅಂದಳು. ಮುಂದಿನ ಪಂಚಮಿಯೊಳಗೆ ಚಾಕು ಮಸೆಯುವುದನ್ನು ನಾನೇ ಕಲಿತು, ಅದೇ ಚಾಕುವನ್ನು ಆಕೆಯ ಕೈಗಿತ್ತು ಬಾಯಿ ಮುಚ್ಚಿಸಬೇಕೆಂದು ಅವತ್ತೇ ನಿಶ್ಚಯಿಸಿದೆ. ಈ ವರ್ಷ ಹಬ್ಬಕ್ಕೆ ಒಂದು ತಿಂಗಳಿರುವಾಗ ಮಸೆಗಲ್ಲು ತರಿಸಿದೆ.

ಐದು ಸೀಟಿ

ಬಳಸುವ ಮೊದಲು ಕಲ್ಲನ್ನು ನೀರಿನಲ್ಲಿ ನೆನೆಸಬೇಕು ಎಂದು ಅದರ ಜೊತೆ ಬಂದ ಚೀಟಿಯಲ್ಲಿ ಇತ್ತು. ಕಲ್ಲು ಪೂರ್ತಿ ಮುಳುಗುವ ಪಾತ್ರೆಯೆಂದರೆ ಕುಕ್ಕರ್ ಒಂದೇ. ನೀರು ತುಂಬಿ, ಕಲ್ಲಿಟ್ಟು, ಮುಚ್ಚಳ ಹಾಕಿ ಸ್ನಾನಕ್ಕೆ ಹೋದೆ. ಸ್ನಾನ, ಪೂಜೆ ಮುಗಿಸಿ ಬಂದು ನೋಡಿದರೆ ಅತ್ತೆ ಕುಕ್ಕರ್ ಮುಚ್ಚಳ ತೆಗೆದು, ಸೌಟಿನಿಂದ ಒಳಗೆ ಒತ್ತಿ ಒತ್ತಿ ನೋಡುತ್ತಿದ್ದಾರೆ. ಅವತ್ತು ಏಕಾದಶಿ, ಅವರದು ಉಪವಾಸ. ಕಣ್ಣು ಅಷ್ಟಕ್ಕಷ್ಟೇ.

“ಯಾವ ಅಂಗಡ್ಯಾಗ ತಂದೀಯವ್ವಾ ಈ ಗೆಣಸು? ಐದು ಸೀಟಿ ಹೊಡಿಸೀನಿ, ಇನ್ನೂ ಬೆಂದಿಲ್ಲ!”

“ಅತ್ಯಾರ, ಅದು ಗೆಣಸಲ್ರಿ, ಕಲ್ಲು!”

“ನಾನೂ ಅದನ್ನೇ ಹೇಳ್ಲಿಕ್ಕತ್ತೀನಲ್ಲಾ!”

ಮುಂಗೈ ಪರೀಕ್ಷೆ

ಚಾಕು ಹರಿತವಾಗಿದೆಯೋ ಇಲ್ಲವೋ ತಿಳಿಯಲು ಮುಂಗೈ ಮೇಲಿನ ಕೂದಲು ಬೋಳಿಸಿ ನೋಡಬೇಕಂತೆ. ವಿಡಿಯೊದಲ್ಲಿ ಒಬ್ಬ ಮಾಡಿ ತೋರಿಸಿದ. ಅಂಥದ್ದನ್ನು ಒಬ್ಬ ಗೃಹಿಣಿ ತನ್ನ ಕೈಮೇಲೆ ಮಾಡಿಕೊಳ್ಳುವುದು ಸಭ್ಯತೆಯಲ್ಲ. ಟಿವಿ ನೋಡುತ್ತಿದ್ದ ಯಜಮಾನರಿಗೆ, “ಕೈ ಚಾಚ್ರಿ” ಎಂದೆ. ಅವರು ವಕೀಲರು, ಮನೆಯಲ್ಲಿ ವಾದ ಮಾಡುವ ಅಭ್ಯಾಸವಿಲ್ಲ. ಚಾಚಿದರು.

ದಿನಕ್ಕೊಂದು ಪರೀಕ್ಷೆ ನಡೆಯಿತು. ಕೆಲವು ದಿನ ಚಾಕು ಪಾಸಾಯಿತು, ಕೆಲವು ದಿನ ಅರ್ಧ ಪಾಸಾಯಿತು. ಕೊನೆಗೆ ಅವರ ಎಡಗೈ ಕುರಿ ಹಿಂಡು ಮೇಯ್ದು ಹೋದ ಹೊಲದ ಹಾಗೆ ಕಾಣತೊಡಗಿತು. ಕೋರ್ಟಿನಲ್ಲಿ ಜೊತೆಯ ವಕೀಲರೊಬ್ಬರು ಅದನ್ನು ನೋಡಿಯೇಬಿಟ್ಟರು. ಅಲ್ಲಿ ನಡೆದ ಮಾತನ್ನು ಯಜಮಾನರೇ ಸಂಜೆ ಬಂದು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನನಗೆ ಹೇಳಿದರು.

“ಏನ್ರೀ ಇದು, ಕೈಗೆ ಏನಾಗೇತಿ?”

“ಏನಿಲ್ರಿ. ನಮ್ಮ ಮನಿಯವರು ಚಾಕು ಮಸೀಲಿಕ್ಕೆ ಕಲೀಲಿಕ್ಕತ್ತಾರ.”

ಆ ವಕೀಲರು ಅತ್ತಿತ್ತ ನೋಡಿ ದನಿ ತಗ್ಗಿಸಿದರಂತೆ: “ಕುತ್ತಿಗಿತನಕ ಬರೋದ್ರೊಳಗ ರಾಜಿ ಮಾಡ್ಕೊಂಡ್ಬಿಡ್ರಿ.”

ರೂಢಿ

ನಮ್ಮ ಕೆಲಸದವಳಿಗೆ ಮೊಂಡ ಚಾಕುವಿನ ಅಭ್ಯಾಸ. ಇಡೀ ಮೈಭಾರ ಹಾಕಿ ಒತ್ತುವವಳು. ಹೊಸದಾಗಿ ಮಸೆದ ಚಾಕುವನ್ನೂ ಬದನೆಕಾಯಿಯ ಮೇಲೆ ಹಾಗೆಯೇ ಒತ್ತಿದಳು. ಒಂದು ಹೋಳು ಫ್ರಿಜ್ಜಿನ ಕೆಳಗೆ ಹೋಯಿತು, ಇನ್ನೊಂದು ದೇವರಮನೆಯ ಹೊಸ್ತಿಲಿಗೆ ಬಿತ್ತು. ಬೆರಳು ಹೇಗೆ ಮಡಚಬೇಕು, ಮೊಣಕೈ ಎಲ್ಲಿರಬೇಕು, ಬೆನ್ನು ಎಷ್ಟು ನೆಟ್ಟಗಿರಬೇಕು ಎಂದು ನಾನು ವಿವರವಾಗಿ ತಿಳಿಸಿದೆ. ಆಕೆ ಚಾಕುವನ್ನು ಮೆಲ್ಲಗೆ ಕೆಳಗಿಟ್ಟಳು.

“ಬಾಯಾರ, ಮೊಂಡಂದು ಯಾವದರ ಇದ್ರ ಕೊಡ್ರಿ. ಇದಕ್ಕ ನಾ ಹೆದರತೇನ್ರಿ.”

“ಅದರಲೆ ಹೆಚ್ಚಿದ್ರ ತಡ ಆಗ್ತದ. ಆಮ್ಯಾಲೆ ನಾ ಬೈತೀನಿ.”

“ಬೈರಿ ಬಾಯಾರ. ಅದು ರೂಢಿ ಆಗೇತಿ.”

ಪಂಚಮಿ

ಹಬ್ಬದ ಹಿಂದಿನ ಸಂಜೆ ನಾದಿನಿ ಬಂದಳು. ನಾನು ಚಾಕುವಿನ ಸುದ್ದಿಯನ್ನೇ ಎತ್ತಲಿಲ್ಲ. ಬೆಳಿಗ್ಗೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ನಡುವೆ ಚಾಕು ಇಟ್ಟು, ಸುತ್ತಲೂ ಇಡೀ ಕುಂಬಳಕಾಯಿ, ಚವಳಿಕಾಯಿ, ಸೌತೆಕಾಯಿ ಜೋಡಿಸಿದೆ. ಮಧ್ಯಾಹ್ನ ಊಟಕ್ಕೆ ಮನೆತುಂಬ ಜನ ಬರುವವರಿದ್ದರು. ಆದರೂ ಒಂದು ಕಾಯಿಯನ್ನೂ ಹೆಚ್ಚಿರಲಿಲ್ಲ. ಮೊದಲ ಹೋಳು ಆಕೆಯ ಕೈಯಿಂದಲೇ ಆಗಬೇಕು.

“ತಗೋ, ಹೆಚ್ಚಿ ನೋಡು,” ಎಂದೆ.

ಆಕೆ ಚಾಕು ನೋಡಿದಳು, ನನ್ನ ಮುಖ ನೋಡಿದಳು. “ವೈನಿ, ಇವತ್ತ ಪಂಚಮಿ.”

ಪಂಚಮಿಯ ದಿನ ನಮ್ಮಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ, ಕರಿಯುವುದಿಲ್ಲ, ಏನನ್ನೂ ಹೆಚ್ಚುವುದಿಲ್ಲ. ನಾಗಪ್ಪನಿಗೆ ನೋವಾಗುತ್ತದೆಂದು ಹಿರಿಯರ ನಂಬಿಕೆ. ಪ್ರತಿ ವರ್ಷ ಹಿಂದಿನ ದಿನವೇ ಎಲ್ಲವನ್ನೂ ಹೆಚ್ಚಿಡುವವಳು ನಾನೇ. ಒಂದು ತಿಂಗಳು ಕಲ್ಲಿನ ಮೇಲೆ ಬಗ್ಗಿ ಬಗ್ಗಿ ಅದೊಂದೇ ಮರೆತಿದ್ದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ, “ಅದನ್ನ ಮೊದಲು ಒಳಗ ಇಡು” ಎಂದರು. ಇಟ್ಟೆ.

ನಾದಿನಿ ಸೆರಗು ಸಿಕ್ಕಿಸಿದಳು. ಕುಂಬಳಕಾಯಿಯನ್ನು ಹಿತ್ತಲಿಗೆ ಒಯ್ದು, ಎರಡೂ ಕೈಯಿಂದ ಎತ್ತಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಟ್ಟಳು. ಚವಳಿಕಾಯಿಯನ್ನು ಪಟಪಟನೆ ಮುರಿದಳು. ಸೌತೆಕಾಯಿಗೆ ಗುದ್ದು ಕೊಟ್ಟಳು.

“ಎಲ್ಲಾ ಒಂದೇ ಅಳತಿಗೆ ಇರಲಿ,” ಎಂದೆ ನಾನು.

“ಹೊಟ್ಟಿಯೊಳಗ ಹೋದಮ್ಯಾಲೆ ಯಾರು ಅಳೀತಾರ ವೈನಿ?”

ಊಟಕ್ಕೆ ಎಲ್ಲರೂ ಕುಳಿತರು. ಒಬ್ಬರ ಎಲೆಗೆ ಮುಷ್ಟಿಯಷ್ಟು ದಪ್ಪ ಕುಂಬಳಕಾಯಿ ಬಿತ್ತು, ಪಕ್ಕದವರಿಗೆ ಬರೀ ಚೂರು. ನಾನು ತಲೆ ತಗ್ಗಿಸಿ ಬಡಿಸುತ್ತಿದ್ದೆ. ಯಜಮಾನರು ಎರಡನೆಯ ಸಲ ಹಾಕಿಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ, “ಈ ವರ್ಷ ಪಲ್ಯ ಭಾಳ ರುಚಿ ಆಗ್ಯದಲ್ಲ!” ಎಂದರು.

“ಆಗದ ಇರ್ತದೇನಣ್ಣಾ?” ಎಂದಳು ನಾದಿನಿ. “ವೈನಿ ಒಂದು ತಿಂಗಳಿಂದ ಚಾಕು ಮಸದಾರ!”