ಬೋರಿಗೆ ಕೊಸರು ಕೇಳಿದ್ದು

ಹೂವು ಮಾರುವವಳಿಗೆ ಜನರನ್ನು ಅಳೆಯುವುದು ಗೊತ್ತಿರುತ್ತದೆ. ಮದುವೆಯಾಗಿ ಬಾಣಸವಾಡಿಗೆ ಬಂದಾಗಿನಿಂದ ನಾನು ಹೂವು ಕಟ್ಟಿ, ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಕೂತು ಮಾರುತ್ತಿದ್ದೇನೆ. ಯಾವ ಅಂಗಡಿಗೆ ಹೋದರೂ ಮೊದಲು ಮುಖ ನೋಡುವುದಿಲ್ಲ, ಗೋಡೆ ನೋಡುತ್ತೇನೆ. ದೇವರ ಪಟಕ್ಕೆ ಇವತ್ತಿನ ಹೂವಿದ್ದರೆ ಆ ಮನುಷ್ಯ ಸರಿ. ನಿನ್ನೆಯದಾದರೆ ಸೋಮಾರಿ. ಪ್ಲಾಸ್ಟಿಕ್ ಹೂವಾದರೆ ಕಳ್ಳ. ನನಗೆ ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಬರುತ್ತದೆ, ಉಳಿದದ್ದಕ್ಕೆಲ್ಲ ಈ ವಿದ್ಯೆಯೇ ಸಾಕಾಗಿತ್ತು. ಡಾಕ್ಟರನ್ನೂ ಹೀಗೇ ಆರಿಸಿದೆ, ಸೊಸೆಯನ್ನೂ ಹೀಗೇ ಆರಿಸಿದೆ. ಇಬ್ಬರ ಕೈಯಲ್ಲೂ ಇನ್ನೂ ಯಾರೂ ಸತ್ತಿಲ್ಲ.

ಇಂಥವಳಿಗೆ ಒಂದು ಲೇತ್ ಅಂಗಡಿ ಆರಿಸುವುದು ಯಾವ ಲೆಕ್ಕ!

ವಿಷಯ ನಮ್ಮ ಮೊಪೆಡ್ಡಿನದು. ಹಳೆಯದು, ಟೂ ಸ್ಟ್ರೋಕ್. ನಮ್ಮ ಯಜಮಾನರು ಓಡಿಸುತ್ತಾರೆ, ನಾನು ಹಿಂದೆ ಹೂವಿನ ಮೂಟೆ ಹಿಡಿದು ಕೂರುತ್ತೇನೆ. ರಸೆಲ್ ಮಾರುಕಟ್ಟೆಯಿಂದ ದಿನಾ ಬೆಳಗ್ಗೆ ಹೂವು ತರುವುದು ಅದರಲ್ಲೇ. ಯುಗಾದಿ ಕಳೆದ ಮೇಲೆ ಅದಕ್ಕೆ ಉಬ್ಬಸ ಬಂತು. ಏರು ಬಂದರೆ ನಾನು ಇಳಿದು ನಡೆಯುತ್ತಿದ್ದೆ. ಮೇಲೆ ಹೋಗಿ ನಿಂತು ಅದು ಬರುವುದನ್ನು ಕಾಯುತ್ತಿದ್ದೆ.

ನಮ್ಮ ಬೀದಿಯ ಮೆಕ್ಯಾನಿಕ್ ಸೆಲ್ವ ಇಂಜಿನ್ ಬಿಚ್ಚಿ, ಸಿಲಿಂಡರಿನ ಒಳಗೆ ಬೆರಳಾಡಿಸಿ ತೀರ್ಪು ಕೊಟ್ಟ.

"ಅಮ್ಮಾ, ಪಿಸ್ಟನ್ ಓಡಿ ಓಡಿ ಒಳಗಡೆ ಸವೆದೋಗಿದೆ. ಒಂದ್ ಸೈಜ್ ದೊಡ್ಡ ಪಿಸ್ಟನ್ ತಗೊಳ್ಳಿ. ಲೇತ್ ಅಂಗಡೀಲಿ ಆ ಪಿಸ್ಟನ್ ಅಳತೆಗೆ ಸಿಲಿಂಡರ್ ಕೊರೆದು ಕೊಡ್ತಾರೆ. ಬೋರ್ ಮಾಡೋದು ಅಂತಾರೆ. ಶಿವಾಜಿನಗರದಲ್ಲಿ ರಹೀಂ ಭಾಯ್ ಹತ್ರ ಹೋಗಿ. ಬೇರೆ ಎಲ್ಲೂ ಬೇಡ."

ಬೇರೆ ಎಲ್ಲೂ ಬೇಡ ಎನ್ನದೆ ಇದ್ದಿದ್ದರೆ ನಾನು ನೆಟ್ಟಗೆ ಅಲ್ಲಿಗೇ ಹೋಗುತ್ತಿದ್ದೆನೇನೋ.

ಮುಂದಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಹೂವಿನವರಿಗೆ ವರ್ಷ ಎಂದರೆ ಅದೊಂದು ಶುಕ್ರವಾರ. ಅದರಲ್ಲೂ ಶಾರದಾ ಮೇಡಂ ಮನೆಯ ಹಾರ ನನ್ನದೇ. ಅವರು ಹುಬ್ಬಳ್ಳಿ ಕಡೆಯವರು, ಆಫೀಸಿಗೆ ಹೋಗುವವರು. ಅವರ ಮನೆಯ ಲಕ್ಷ್ಮಿಗೆ ಮಲ್ಲಿಗೆ ಹಾರ, ನಡುವೆ ತಾವರೆ. ಬೆಳಕು ಹರಿಯುವ ಮೊದಲೇ ಬಾಗಿಲಿಗೆ ತಲುಪಬೇಕು. ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿರಲಿಲ್ಲ. ನಾನು ಯಾವಾಗ ತಪ್ಪಿಸುತ್ತೇನೆ ಎಂದು ರಸ್ತೆಯ ಆಚೆ ಬದಿ ಕೂರುವ ರಾಜಮ್ಮ ಕಾಯುತ್ತಲೇ ಇದ್ದಳು. ಶುಕ್ರವಾರದೊಳಗೆ ಗಾಡಿ ಓಡಲೇಬೇಕಿತ್ತು.

ಸಿಲಿಂಡರನ್ನೂ ಹೊಸ ಪಿಸ್ಟನ್ನನ್ನೂ ಹೂವಿನ ಬುಟ್ಟಿಯಲ್ಲಿಟ್ಟು, ಬಟ್ಟೆ ಮುಚ್ಚಿ, ಯಜಮಾನರನ್ನು ಕರೆದುಕೊಂಡು ಬಸ್ಸು ಹತ್ತಿದೆ.

ರಹೀಂ ಭಾಯ್ ಅಂಗಡಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ. ಮುಂದೆ ಜನ ಸಿಲಿಂಡರು ಹಿಡಿದು ಸಾಲು ನಿಂತಿದ್ದರು, ನ್ಯಾಯಬೆಲೆ ಅಂಗಡಿಯ ಮುಂದೆ ಡಬ್ಬ ಹಿಡಿದು ನಿಂತ ಹಾಗೆ. ಒಳಗೆ ಬಿಳಿ ಗಡ್ಡದ ಮನುಷ್ಯ ತಲೆ ಎತ್ತಲೇ ಇಲ್ಲ. ನನ್ನ ಸರದಿ ಬಂದಾಗ ಪಿಸ್ಟನ್ ತೆಗೆದುಕೊಂಡು ಅಳತೆ ಕೊಕ್ಕೆಯಲ್ಲಿ ಹಿಡಿದು ನೋಡಿದ. ತಿರುಗಿಸಿ ಇನ್ನೊಮ್ಮೆ ನೋಡಿದ.

"ನಾಡಿದ್ದು ಬನ್ನಿ ಅಮ್ಮಾ."

"ಇವತ್ತೇ ಆಗಲ್ವಾ?"

"ಇವತ್ತೇ ಆಗೋದು ಬೇಕಂದ್ರೆ ಸೋಡಾ ಅಂಗ್ಡಿಗ್ ಹೋಗಿ."

ಸಾಲಿನಲ್ಲಿದ್ದವರು ನಕ್ಕರು. ನಾನು ನಗಲಿಲ್ಲ. ಸಾಬರ ಅಂಗಡಿ, ದೇವರ ಪಟವಿಲ್ಲ, ನನ್ನ ಹೂವಿನ ಪರೀಕ್ಷೆ ಅಲ್ಲಿ ನಡೆಯುವಂತಿರಲಿಲ್ಲ. ಗೋಡೆಯಲ್ಲಿ ಇದ್ದದ್ದು ಒಂದು ಕ್ಯಾಲೆಂಡರು. ಅದರಲ್ಲಿ ಇನ್ನೂ ಹೋದ ತಿಂಗಳ ಹಾಳೆ! ಹೋದ ತಿಂಗಳಲ್ಲೇ ಇರುವವನು ನಾಡಿದ್ದು ಕೊಡುವುದು ಯಾವಾಗ? ಪಿಸ್ಟನ್ ಕಿತ್ತುಕೊಂಡು ಹೊರಟೆ.

"ಲೇ, ಸೆಲ್ವ ಹೇಳಿದ್ನಲ್ಲೇ..." ಎಂದರು ಯಜಮಾನರು.

"ನೀವ್ ಸುಮ್ನಿರಿ."

ಹಲಸೂರಿನಲ್ಲಿ ಇನ್ನೊಂದು ಲೇತ್ ಅಂಗಡಿ ಇತ್ತು. ಬಾಗಿಲಿನಿಂದಲೇ ಗೋಡೆ ನೋಡಿದೆ. ಪ್ಲಾಸ್ಟಿಕ್ ಗುಲಾಬಿ, ಮೇಲೆ ಧೂಳು. ಯಜಮಾನರು ಆಗಲೇ ಒಂದು ಕಾಲು ಒಳಗಿಟ್ಟಿದ್ದರು. ಅದನ್ನು ಹೊರಗೆ ತೆಗೆಸಿದೆ.

"ಏನಮ್ಮಾ ಬೇಕಿತ್ತು?" ಎಂದು ಒಳಗಿನಿಂದ ಕೇಳಿದ.

"ಹೂವು" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆಗುವುದೂ ಬೇಡ.

ಮತ್ತೆ ಬಸ್ಸು. ಕೆ.ಆರ್. ಪುರದಲ್ಲಿ ಇಳಿದು ವಿಚಾರಿಸಿಕೊಂಡು ಹೋದರೆ, ಅಲ್ಲಿ ಸಿಕ್ಕಿತು ನೋಡಿ ನನ್ನ ಅಂಗಡಿ! ಗೋಡೆಯಲ್ಲಿ ವೆಂಕಟರಮಣ. ಅವನ ಕೊರಳಲ್ಲಿ ಮಲ್ಲಿಗೆ, ನಡುನಡುವೆ ಕನಕಾಂಬರ, ತುದಿಗೆ ಮರುಗ. ಒಳ್ಳೆಯ ಕೈ ಕಟ್ಟಿದ ಹಾರ, ನೀರಿನ ಹನಿ ಇನ್ನೂ ಆರಿರಲಿಲ್ಲ. ಮಾಲೀಕ ಜಗದೀಶ ಎದ್ದು ನಿಂತ.

"ಬನ್ನಿ ತಾಯಿ, ಕೂತ್ಕೊಳಿ. ಬಿಸ್ಲಲ್ಲಿ ಬಂದಿದೀರ, ಟೀ ತರಿಸ್ತೀನಿ."

ಎರಡು ಸ್ಟೂಲು ಒರೆಸಿ ಕೊಟ್ಟ. ಟೀ ಬಂತು. ಅಂಗಡಿಯಲ್ಲಿ ದೊಡ್ಡ ದೊಡ್ಡ ಮಿಷನ್ನು, ಗಿರಾಕಿ ಒಬ್ಬನೂ ಇಲ್ಲ. ಇಷ್ಟು ಒಳ್ಳೆಯವನ ಹತ್ತಿರ ಯಾಕೆ ಯಾರೂ ಇಲ್ಲ ಎಂದು ನಾನು ಯೋಚಿಸಬೇಕಿತ್ತು. ಟೀ ಕುಡಿಯುತ್ತಿದ್ದೆ.

ರೇಟು ಹೇಳಿದ. ಇಳಿಸು ಎಂದೆ. ಇಳಿಸುವುದಿಲ್ಲ ಎಂದ. ಆಗ ನಾನು ಆ ಮಾತು ಆಡಿದೆ. ಅದನ್ನು ನಾನು ನಾಲಿಗೆಯಿಂದ ಆಡಿದ್ದಲ್ಲ, ಅಭ್ಯಾಸದಿಂದ ಆಡಿದ್ದು. ಒಂದು ಮೊಳ ಹೂವು ಅಳೆದ ಮೇಲೆ ನಾಲ್ಕು ಬೆರಳು ಕೊಸರು ಹಾಕದೆ ನಾನು ಯಾವತ್ತೂ ಕತ್ತರಿಸಿದವಳಲ್ಲ. ಸೊಪ್ಪಿನವನ ಹತ್ತಿರ ಒಂದು ಕಡ್ಡಿ ಕೊಸರು ಕಿತ್ತುಕೊಳ್ಳದೆ ಎದ್ದವಳೂ ಅಲ್ಲ.

"ಹೋಗ್ಲಿ ಬಿಡಪ್ಪ, ರೇಟ್ ಇಳಿಸ್ಬೇಡ. ಕೊಸರು ಹಾಕು."

"ಬೋರಿಗೆ ಕೊಸರಾ ತಾಯಿ?"

"ಹೂಂ. ಅಳತೆಗಿಂತ ಒಂಚೂರು ಜಾಸ್ತಿ ಕೊರಿ. ಮಿಷನ್ನು ಹೆಂಗೂ ತಿರುಗ್ತಾ ಇರತ್ತೆ, ನಿನ್ ಗಂಟೇನ್ ಹೋಗತ್ತೆ? ಗಾಡಿ ಬಿಗಿಯಾಗಿ ಉಸ್ರು ಕಟ್ತಾ ಇದೆ, ಸ್ವಲ್ಪ ಸಡಿಲ ಆದ್ರೆ ಹಗುರ್ವಾಗಿ ಓಡತ್ತೆ."

ಯಜಮಾನರು ಸ್ಟೂಲಿನಿಂದ ಎದ್ದರು. "ಲೇ, ಅದು ಸೊಪ್ಪಲ್ಲ ಕಣೇ."

"ನೀವ್ ಸುಮ್ನಿರಿ ಅಂದೆ."

ಜಗದೀಶ ಯಾರಿಗೂ ಇಲ್ಲ ಎನ್ನದ ಮನುಷ್ಯ. "ಆಯ್ತು ತಾಯಿ, ನಿಮ್ ಮಾತು ಯಾಕ್ ತೆಗೆದಾಕೋಣ" ಎಂದು ಕೊಸರು ಹಾಕಿ ಕೊರೆದ. ನಾನು ಪಕ್ಕದಲ್ಲೇ ನಿಂತು, "ಇನ್ನೊಂಚೂರು" ಎಂದೆ. ಅದನ್ನೂ ಹಾಕಿದ. ಸಂಜೆಯೊಳಗೆ ಕೆಲಸ ಮುಗಿಯಿತು. ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಗೆದ್ದವಳ ಹಾಗೆ ಕೂತು ಬಂದೆ.

ಸೆಲ್ವ ಪಿಸ್ಟನ್ನನ್ನು ಸಿಲಿಂಡರಿನೊಳಗೆ ಬಿಟ್ಟು ಕೈ ಅಲ್ಲಾಡಿಸಿದ. ಒಣಗಿದ ತೆಂಗಿನಕಾಯಿ ಅಲ್ಲಾಡಿಸಿದ ಹಾಗೆ ಸದ್ದು ಬಂತು.

"ಅಯ್ಯಯ್ಯೋ! ರಹೀಂ ಭಾಯ್ ಹಿಂಗ್ ಮಾಡಲ್ವೇ..."

"ರಹೀಂ ಭಾಯ್ ಅಲ್ಲ. ಒಳ್ಳೆ ಕಡೆ ಮಾಡ್ಸಿದೀನಿ."

"ಒಳ್ಳೆ ಕಡೇನಾ! ಅಮ್ಮಾ, ಇದು ಸಿಲಿಂಡರಾ, ಬಾವಿನಾ? ಪಿಸ್ಟನ್ ಒಳಗೆ ವಾಕಿಂಗ್ ಹೋಗ್ತಾ ಇದೆ. ಇದನ್ನ ಹಾಕಿದ್ರೆ ಎಳೆಯಲ್ಲ, ಬರೀ ಹೊಗೆ."

"ಶುಕ್ರವಾರ ಹಬ್ಬ. ಹಾಕು ನೀನು."

ಸೆಲ್ವ ಹಾಕಿದ. ಹಾಕಿ ಎರಡೂ ಕೈ ತೊಳೆದುಕೊಂಡ.

ಗುರುವಾರ ನಸುಕಿನಲ್ಲಿ ಹೊರಟೆವು. ಖಾಲಿ ಗಾಡಿ ರಾಗಿ ಮಿಲ್ಲಿನ ಹಾಗೆ ಸದ್ದು ಮಾಡುತ್ತಾ ಮಾರುಕಟ್ಟೆ ಮುಟ್ಟಿತು. "ನೋಡಿದ್ರಾ?" ಎಂದೆ ಯಜಮಾನರಿಗೆ. ಮಲ್ಲಿಗೆ ಮೊಗ್ಗು, ಸೇವಂತಿಗೆ, ತಾವರೆ ಎಲ್ಲ ತುಂಬಿದೆವು. ಮೊಗ್ಗು ಬಾಡಬಾರದು ಎಂದು ಒದ್ದೆ ಬಟ್ಟೆ ಹೊದಿಸಿದೆ. ಒದ್ದೆ ಬಟ್ಟೆ ಹೊಗೆಯನ್ನು ಬಹಳ ಚೆನ್ನಾಗಿ ಹೀರುತ್ತದೆ ಎಂಬುದು ನನಗೆ ಆಮೇಲೆ ತಿಳಿದ ಸಂಗತಿ.

ಭಾರ ಬಿದ್ದ ಮೇಲೆ ಗಾಡಿ ತನ್ನ ನಿಜ ತೋರಿಸಿತು. ಹಿಂದೆ ಸೈಲೆನ್ಸರು, ಸೈಲೆನ್ಸರಿನ ಮೇಲೆ ಹೂವಿನ ಮೂಟೆ, ಮೂಟೆ ತಬ್ಬಿಕೊಂಡು ನಾನು. ಮೂವರಿಗೂ ಸೇರಿ ಒಂದೇ ಹೊಗೆ. ಹಿಂದಿನಿಂದ ಬಂದ ಆಟೋದವನು ಪಕ್ಕಕ್ಕೆ ಬಂದು ಇಣುಕಿದ.

"ಏನಜ್ಜಿ, ಸೊಳ್ಳೆಗೆ ಹೊಗೆ ಹೊಡೀತಿದೀರಾ? ನಮ್ ಏರಿಯಾಕ್ಕೂ ಬನ್ನಿ!"

ಮೇಲ್ಸೇತುವೆಯ ಏರಿನ ಅರ್ಧದಲ್ಲಿ ಇಂಜಿನ್ ನಿಂತಿತು. ಯಜಮಾನರು ತುಳಿದರು. ಮತ್ತೆ ತುಳಿದರು. ಅದು ಕೆಮ್ಮಿತೇ ಹೊರತು ಏಳಲಿಲ್ಲ. ಅವರು ಹ್ಯಾಂಡಲು ಹಿಡಿದು, ನಾನು ಹಿಂದಿನಿಂದ ನೂಕಿ, ಹೂವಿನ ಮೆರವಣಿಗೆ ಮೇಲೆ ಹೊರಟಿತು. ಸುತ್ತ ಹಾರನ್ನೇ ವಾದ್ಯ.

ಆ ಏರಿನಲ್ಲಿ, ಉಸಿರು ಸಿಕ್ಕಾಗ, ಯಜಮಾನರು ಹೇಳಿದರು: "ಆ ಜಗದೀಶನ ಅಂಗಡಿ ಜಗಲಿ ಮೇಲೆ ಒಬ್ಳು ಹೂವಿನವಳು ಕೂತಿದ್ಲು. ಪಟಕ್ಕೆ ದಿನಾ ಅವಳೇ ಹಾರ ಹಾಕೋದು. ನೆರಳಲ್ಲಿ ಕೂರಕ್ಕೆ ಜಾಗ ಕೊಟ್ಟಿದಾನಲ್ಲ, ಅದಕ್ಕೆ."

ನಾನು ನೂಕುವುದನ್ನು ನಿಲ್ಲಿಸಿದೆ. ಗಾಡಿ ಹಿಂದಕ್ಕೆ ಜಾರಿ ಮೊಣಕಾಲಿಗೆ ಬಡಿಯಿತು.

"ಅಲ್ಲೇ ಯಾಕ್ ಹೇಳ್ಲಿಲ್ಲ?"

"ನೀನೇ ಸುಮ್ನಿರಿ ಅಂದಿದ್ದೆ."

ಮೊಣಕಾಲು ಉಜ್ಜಿಕೊಂಡು, ಮನೆಯವರೆಗೂ ನೂಕಿದೆ.

ದಿನವೆಲ್ಲ ಕೂತು ಕಟ್ಟಿದೆ. ನನ್ನ ಜೀವಮಾನದಲ್ಲೇ ಅಂಥ ಹಾರ ಕಟ್ಟಿಲ್ಲ. ವಾಸನೆ ನನಗೆ ಗೊತ್ತಾಗಲಿಲ್ಲ. ಮೂಗೂ ಅದೇ ಹೊಗೆಯಲ್ಲಿ ಬಂದಿತ್ತಲ್ಲ. ಶುಕ್ರವಾರ ಇನ್ನೂ ಕತ್ತಲಿರುವಾಗಲೇ, ಹಾರ ಎದೆಗವಚಿಕೊಂಡು, ಶಾರದಾ ಮೇಡಂ ಮನೆಗೆ ನಡೆದೇ ಹೋದೆ. ಅವರು ಮಡಿಯುಟ್ಟು ಬಾಗಿಲಲ್ಲೇ ಕಾಯುತ್ತಿದ್ದರು. ಹಾರ ಕೈಗೆ ತೆಗೆದುಕೊಂಡರು. ಮುಖದ ಹತ್ತಿರ ತಂದರು. ಮುಖ ಹಿಂದಕ್ಕೆ ಹೋಯಿತು.

"ಅಮ್ಮಾ, ಈ ಮಲ್ಲಿಗಿ ಎಲ್ಲಿಂದ ತಂದ್ರಿ, ಪೆಟ್ರೋಲ್ ಬಂಕಿನಿಂದನ?"

"ಸ್ವಲ್ಪ ಹೊತ್ತು ಗಾಳಿಗಿಟ್ರೆ ಹೋಗತ್ತೆ ಮೇಡಂ."

"ಯಾವಾಗ ಹೊಕ್ಕೈತ್ರಿ, ಮುಂದಿನ ಶುಕ್ರವಾರನ? ದೇವಿ ಮುಂದ ದೀಪ ಹಚ್ಚೂದೈತಿ. ಹಾರಕ್ಕ ಬೆಂಕಿ ಹತ್ತಿದ್ರ ಏನ್ ಮಾಡ್ಲಿ?"

"ಕೊಸರು ಹಾಕಿದೀನಿ ಮೇಡಂ" ಎಂದೆ.

"ಕೊಸರಿಗೂ ಅದ ವಾಸನಿ ಐತ್ರಿ."

ಹಾರವನ್ನು ಮೆಲ್ಲಗೆ ನನ್ನ ಕೈಗೇ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು, ನಾನೂ ಒಂದು ಮಾತಾಡಬಹುದಿತ್ತು. ಅವರು ಬೈಯಲಿಲ್ಲ. ಗಂಡನನ್ನು ಕರೆದು, ರಸ್ತೆಯ ಆಚೆ ಬದಿಯ ರಾಜಮ್ಮನ ಹತ್ತಿರ ಕಳಿಸಿದರು. ಆ ದಿನ ನನ್ನ ಮುಂದೆ ನಿಂತ ಗಿರಾಕಿಗಳೆಲ್ಲ ಒಮ್ಮೆ ಮೂಸಿ, ರಸ್ತೆ ದಾಟಿದರು. ರಾಜಮ್ಮ ನನ್ನ ಕಡೆ ನೋಡಿ ನಗಲೂ ಇಲ್ಲ. ಅವಳಿಗೆ ಪುರುಸೊತ್ತಿರಲಿಲ್ಲ!

ಆ ಹಾರ ಕೊನೆಗೆ ನಮ್ಮ ಮನೆಯ ಲಕ್ಷ್ಮಿಗೇ ಏರಿತು. ದೀಪವನ್ನು ಮಾತ್ರ ದೂರ ಇಟ್ಟೆ.

ಹಬ್ಬ ಕಳೆದ ಮೇಲೆ ಮತ್ತೆ ಬುಟ್ಟಿ, ಅದರಲ್ಲಿ ಅದೇ ಸಿಲಿಂಡರು, ಅದೇ ಪಿಸ್ಟನ್ನು, ಮತ್ತೆ ಬಸ್ಸು, ಮತ್ತೆ ಶಿವಾಜಿನಗರದ ಆ ಗಲ್ಲಿ. ಸಾಲಿನ ಕೊನೆಯಲ್ಲಿ ನಿಂತೆ. ರಹೀಂ ಭಾಯ್ ಸಿಲಿಂಡರಿನ ಒಳಗೆ ಅಳತೆ ಇಳಿಸಿ ನೋಡಿದ. ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದ. ಈ ಸಲ ತಲೆ ಎತ್ತಿದ.

"ಅಮ್ಮಾ, ಇದು ಯಾರ್ ಮಾಡಿದ್ದು? ಪಿಸ್ಟನ್ ಕೊಟ್ಟಿರ್ಲಿಲ್ವಾ ಅವ್ರಿಗೆ?"

ನಾನು ಕ್ಯಾಲೆಂಡರು ನೋಡುತ್ತಾ ನಿಂತೆ. ಅದು ಇನ್ನೂ ಹಳೇ ತಿಂಗಳಲ್ಲೇ ಇತ್ತು. ಜಗದೀಶನನ್ನು ಬೈಯೋಣವೆಂದರೆ ಅವನು ಮಾಡಿದ್ದು ನಾನು ಕೇಳಿದ್ದನ್ನೇ.

ಯಜಮಾನರು ಗಂಟಲು ಸರಿಮಾಡಿಕೊಂಡರು. "ಕೊಟ್ಟಿದ್ವಿ ಭಾಯ್. ನಮ್ ಮನೆಯವ್ಳು ಕೊಸರು ಹಾಕ್ಸಿದ್ಲು."

ಸಾಲಿನಲ್ಲಿದ್ದ ಒಬ್ಬ ಇನ್ನೊಬ್ಬನಿಗೆ ಉರ್ದುವಿನಲ್ಲಿ ಬಿಡಿಸಿ ಹೇಳಿದ. ಅವನು ಮುಂದಿನವನಿಗೆ ಹೇಳಿದ. ಗಲ್ಲಿಯ ತುದಿಯ ಟೀ ಅಂಗಡಿಯಲ್ಲಿ ನಗು ಎದ್ದಾಗ, ಸುದ್ದಿ ಅಲ್ಲಿಗೆ ಮುಟ್ಟಿದ್ದು ನನಗೆ ತಿಳಿಯಿತು.

ರಹೀಂ ಭಾಯ್ ಮಾತ್ರ ನಗಲಿಲ್ಲ. "ಇನ್ನೂ ಒಂದ್ ಸೈಜ್ ದೊಡ್ಡ ಪಿಸ್ಟನ್ ತನ್ನಿ. ಬೋರ್ ಮಾಡ್ತೀನಿ. ನಾಡಿದ್ದು ಬನ್ನಿ."

"ಆಚೆ ನಾಡಿದ್ದಾದ್ರೂ ಸರಿ" ಎಂದೆ.

ಹೇಳಿದ ದಿನವೇ ಕೊಟ್ಟ. ಸೆಲ್ವ ಹಾಕಿದ. ಈಗ ಗಾಡಿ ಮೂಟೆಯನ್ನೂ ನನ್ನನ್ನೂ ಹೊತ್ತು ಏರು ಹತ್ತುತ್ತದೆ, ನಾನು ಇಳಿಯಬೇಕಾಗಿಲ್ಲ. ಶಾರದಾ ಮೇಡಂ ಮುಂದಿನ ಶುಕ್ರವಾರ ನನ್ನ ಹತ್ತಿರವೇ ಬಂದರು. ಹೂವನ್ನು ಮೂಸಿ ನೋಡಿ ತೆಗೆದುಕೊಂಡರು. ಈಗಲೂ ಮೂಸದೆ ತೆಗೆದುಕೊಳ್ಳುವುದಿಲ್ಲ. ಆ ಹಕ್ಕು ಅವರಿಗಿದೆ.

ಸಿಲಿಂಡರು ಕೊಡುವಾಗ ರಹೀಂ ಭಾಯ್ ಆ ದಂಡವಾದ ಪಿಸ್ಟನ್ನನ್ನೂ ಬುಟ್ಟಿಗೆ ಹಾಕಿದ್ದ. "ಕೊಸರು ಅಮ್ಮಾ, ತಗೊಳ್ಳಿ" ಎಂದಿದ್ದ, ನಗದೇ. ಎಸೆಯಲು ಮನಸ್ಸಾಗಲಿಲ್ಲ. ಒಳ್ಳೆ ತೂಕವಿದೆ, ಹೂವು ಕಟ್ಟಿಕೊಡುವ ಬಾಳೆ ಎಲೆ ಗಾಳಿಗೆ ಹಾರದಂತೆ ಅದನ್ನೇ ಮೇಲಿಟ್ಟುಕೊಂಡಿದ್ದೇನೆ.

ಮೊನ್ನೆ ಹೊಸ ಗಿರಾಕಿಯೊಬ್ಬಳು ಅದನ್ನು ಎತ್ತಿ, ತಿರುಗಿಸಿ ನೋಡಿ ಕೇಳಿದಳು: "ಅಜ್ಜಿ, ಏನಿದು?"

ನಾನು ಮೊಳ ಅಳೆಯುತ್ತಿದ್ದೆ, ಕೇಳಿಸದವಳ ಹಾಗಿದ್ದೆ. ಯಜಮಾನರು ಹಿಂದೆ ಗಾಡಿ ಒರೆಸುತ್ತಿದ್ದರು. ಗಿರಾಕಿಗಳ ಹತ್ತಿರ ಅವರು ಯಾವತ್ತೂ ಮಾತಾಡಿದವರಲ್ಲ. ಅವತ್ತು ಮಾತಾಡಿದರು.

"ಕೊಸರು" ಎಂದರು.