ಎಂಟು ತಿಂಗಳ ಮರಾಠಿ

ಒಬ್ಬ ಮನುಷ್ಯನನ್ನು ಅರಿಯಲು ಎಷ್ಟು ಹೊತ್ತು ಬೇಕು ಎಂದು ಯಾರಾದರೂ ಕೇಳಿದರೆ, ಅವನು ವಿಚಾರಣೆ ಕಿಟಕಿಯಿಂದ ಮೂರು ಮಾರು ದೂರ ಇರುವಾಗಲೇ ಆ ಕೆಲಸ ಮುಗಿದಿರುತ್ತದೆ ಎಂದು ನಾನು ಹೇಳುತ್ತಿದ್ದೆ. ಅಥಣಿ, ರಾಯಬಾಗ, ಚಿಕ್ಕೋಡಿ ಎಂದು ಬಸ್ ನಿಲ್ದಾಣಗಳಲ್ಲಿ ಕಂಟ್ರೋಲರ್ ಆಗಿ ದುಡಿದು ನಿವೃತ್ತನಾದವನು ನಾನು. ಹಣೆಗೆ ಭಂಡಾರದ ಅರಿಶಿನ ಬಳಿದುಕೊಂಡವನು ಮಂಗಸೂಳಿಯ ದೇವರಿಗೆ, ಕೈಯಲ್ಲಿ ಎಕ್ಸರೇ ಲಕೋಟೆ ಹಿಡಿದವನು ಮಿರಜಿನ ದವಾಖಾನೆಗೆ. ಅವರು ಬಾಯಿ ತೆರೆಯುವ ಮೊದಲೇ ಪ್ಲಾಟ್‌ಫಾರ್ಮ್ ನಂಬರು ಹೇಳಿ ಮುಂದಿನವರನ್ನು ಕರೆಯುತ್ತಿದ್ದೆ. ತಪ್ಪು ಬಸ್ ಹತ್ತಿದವರು ತಿರುಗಿ ಜಗಳಕ್ಕೆ ಬರುವ ಹೊತ್ತಿಗೆ ನನ್ನ ಡ್ಯೂಟಿ ಮುಗಿದಿರುತ್ತಿತ್ತು. ಹೀಗಾಗಿ ನನ್ನ ಅಂದಾಜು ತಪ್ಪಿದ ದಾಖಲೆ ಎಲ್ಲಿಯೂ ಇಲ್ಲ.

ನಿವೃತ್ತಿಯ ಮೇಲೆ ಕಾಗವಾಡದಲ್ಲಿ ಮನೆ ಮಾಡಿದೆ. ಬೆಳಿಗ್ಗೆ ಐದೂವರೆಗೆ ವಾಕಿಂಗ್, ಆರೂಮುಕ್ಕಾಲಿಗೆ ಚಹಾ. ವೇಳಾಪಟ್ಟಿಯಲ್ಲಿ ದೋಷವಿರಲಿಲ್ಲ. ಜೊತೆಗಾರರು ಮಾತ್ರ ನಿಲ್ಲುತ್ತಿರಲಿಲ್ಲ. ಒಬ್ಬ ನಿವೃತ್ತ ಮಾಸ್ತರರು ನಾಲ್ಕು ದಿನ ಬಂದರು. ಅವರು ಕೈ ಬೀಸುವ ರೀತಿಯನ್ನು ನಾನು ತುಸು ತಿದ್ದಿದ್ದೆ, ಅಷ್ಟೇ. ಐದನೆಯ ದಿನ "ಮೊಣಕಾಲ ಹಿಡದಾವ್ರಿ" ಎಂದರು. ಆರನೆಯ ದಿನ ಅವೇ ಮೊಣಕಾಲುಗಳು ಬೇರೆ ರಸ್ತೆಯಲ್ಲಿ ಒಳ್ಳೆಯ ವೇಗದಲ್ಲಿ ಹೋಗುತ್ತಿದ್ದುದನ್ನು ಕಂಡೆ. ಆಮೇಲೆ ಬಂದವರು ಅಷ್ಟು ದಿನವೂ ತಡೆಯಲಿಲ್ಲ. ಒಬ್ಬನೇ ನಡೆದರೆ ಅದೇ ರಸ್ತೆ ಎರಡು ಪಟ್ಟು ಉದ್ದವಾಗುತ್ತದೆ ಎಂಬುದನ್ನು ನಾನು ಯಾರೆದುರೂ ಒಪ್ಪಿಕೊಂಡಿರಲಿಲ್ಲ.

ಆಗ ಪಕ್ಕದ ಮನೆಗೆ ದಾದಾಸಾಹೇಬರು ಬಂದರು. ಸಾಮಾನು ತಂದ ಟೆಂಪೋದ ನಂಬರು ಮಹಾರಾಷ್ಟ್ರದ್ದು, ಅವರ ತಲೆಯ ಮೇಲೆ ಬಿಳಿ ಟೋಪಿ. ನನಗೆ ಅಷ್ಟು ಸಾಕಾಯಿತು. "ರಾಮ್ ರಾಮ್ ಪಾವ್ಣಂ, ಕಸಂ ಕಾಯ್?" ಎಂದು ಮರಾಠಿಯಲ್ಲಿ ಕ್ಷೇಮ ಕೇಳಿದೆ. ಅವರು ಕ್ಷಣ ತಡೆದು ಮರಾಠಿಯಲ್ಲಿಯೇ ಉತ್ತರ ಕೊಟ್ಟರು. ಎದುರಿನವರು ಯಾವ ಭಾಷೆಯಲ್ಲಿ ಮಾತು ತೆಗೆದರೋ ಅದರಲ್ಲಿಯೇ ಮುಂದುವರಿಸುವುದು ನಮ್ಮ ಗಡಿಯ ಊರುಗಳ ಮರ್ಯಾದೆ.

ನನ್ನ ಮರಾಠಿ ವಿಚಾರಣೆ ಕಿಟಕಿಯಲ್ಲಿ ಕಲಿತದ್ದು. ಬಸ್ಸಿನ ವೇಳೆ ಹೇಳಬಲ್ಲೆ, ಹಿಂದೆ ಸರಿಯಿರಿ ಎನ್ನಬಲ್ಲೆ. ಉಳಿದದ್ದಕ್ಕೆಲ್ಲ "ಬರೋಬರ್ ಹಾಯ್", "ಖರಂ ಹಾಯ್". ಸರಿ ಇದೆ, ನಿಜ ಇದೆ. ಒಪ್ಪುವುದಕ್ಕೆ ಎರಡು ಶಬ್ದ ಸಾಕು. ತಿದ್ದುವುದಕ್ಕೆ ಇಡೀ ವ್ಯಾಕರಣ ಬೇಕು. ದಾದಾಸಾಹೇಬರು ಬೂಟಿನ ಲೇಸು ಕಟ್ಟದೆ, ರಸ್ತೆಯ ತಪ್ಪು ಬದಿಯಲ್ಲಿ ನಡೆಯುತ್ತಿದ್ದರು. ನಾನು ಬರೋಬರ್ ಎನ್ನುತ್ತಿದ್ದೆ. ಅವರೂ ಮಿತಭಾಷಿ. ಎರಡು ಮಾತಾಡಿ ಆಕಾಶ ನೋಡುವರು. ಇವರು ಆಳವಾದ ಮನುಷ್ಯ ಎಂದು ನಾನು ತೀರ್ಮಾನಿಸಿದೆ. ನಾನು ಬಹಳ ಸಂಭಾವಿತ ಎಂದು ಅವರು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದರಂತೆ. ಹೀಗೆ ಎಂಟು ತಿಂಗಳು ನಡೆಯಿತು.

ಒಂದು ಮುಂಜಾನೆ ನಡುರಸ್ತೆಯಲ್ಲಿ ಅವರ ಫೋನು ಹೊಡೆದುಕೊಂಡಿತು. ಕಬ್ಬು ಕಡಿಯುವ ತಂಡ ಶಿರಗುಪ್ಪಿಯ ಅವರ ಹೊಲ ಬಿಟ್ಟು ಮುಂದಿನವರ ಹೊಲಕ್ಕೆ ಇಳಿದಿತ್ತು.

"ಏ ಬಾಳ್ಯಾ, ನಮ್ಮ ಪಾಳಿ ಬಿಟ್ಟು ಮುಂದ ಹೆಂಗ ಹೋದ್ರಲೇ? ನೀ ಅಲ್ಲಿ ಬದುವಿನ ಮ್ಯಾಲ ಕುಂತ ಏನ್ ಶೇಂಗಾ ತಿನ್ನಾಕತ್ತಿದ್ದೇನು?"

ಇಂಥ ಶುದ್ಧ ಕನ್ನಡ ಕೇಳಿ ನಾನು ನಿಂತುಬಿಟ್ಟೆ. "ದಾದಾಸಾಹೇಬ್ರ, ನೀವು ಕನ್ನಡದವರೇನ್ರಿ?"

"ಅಯ್ಯ, ನೀವೂ ಹೌದೇನ್ರಿ! ಪಾಪ, ಮರಾಠಿ ಮಂದಿ ಅಂತ ನಿಮ್ಮ ಸಲುವಾಗಿ ಎಂಟ ತಿಂಗಳಾತು ನಾಲಿಗಿ ತಿರುವಾಕತ್ತೇನ್ರಿ ನಾ!"

ಟೆಂಪೋ ಬಾಡಿಗೆಯದಂತೆ. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆವು.

ಮರುದಿನದಿಂದ ಕನ್ನಡ. ಲೇಸಿನಿಂದ ಆರಂಭಿಸಿ ಎಂಟು ತಿಂಗಳ ಬಾಕಿ ತಿದ್ದುಪಡಿಗಳನ್ನೆಲ್ಲ ನಾನು ಒಂದೇ ಬೆಳಿಗ್ಗೆ ವಿಲೇವಾರಿ ಮಾಡಿದೆ. ಅವರೇನು ಕಡಿಮೆಯೇ? ಮೈದುನನ ಟ್ರ್ಯಾಕ್ಟರಿನ ಕತೆ ತೆಗೆದವರು ಮನೆ ಬರುವವರೆಗೆ ನಿಲ್ಲಿಸಲಿಲ್ಲ. ಆಳ ಎಂದು ನಾನು ತಿಳಿದದ್ದು ಮರಾಠಿ ಕ್ರಿಯಾಪದ ಹುಡುಕುವ ಹೊತ್ತು ಮಾತ್ರವಾಗಿತ್ತು. ಎರಡನೆಯ ದಿನ ಅವರು, "ನೀವು ಇಷ್ಟ ಮಾತಾಡ್ತೀರಿ ಅಂತ ನನಗ ಅಂದಾಜ ಇರಲಿಲ್ರಿ" ಎಂದರು. ಮೂರನೆಯ ದಿನ ಗೇಟು ತೆರೆಯಲಿಲ್ಲ. ಅಂಗಳ ಗುಡಿಸುತ್ತಿದ್ದ ಅವರ ಮನೆಯವರು ನನ್ನ ಮುಖ ನೋಡದೆ, "ಅವ್ರಿಗೆ ಮೊಣಕಾಲ ಹಿಡದಾವ್ರಿ" ಎಂದರು.

ನಾಲ್ಕು ದಿನ ಒಬ್ಬನೇ ನಡೆದೆ. ಐದನೆಯ ದಿನ ಹೆಂಡತಿಗೆ ಹೇಳಿದೆ: "ಆ ಮನುಷ್ಯಾ ಕನ್ನಡದಾಂವ ಅಂತ ನನಗ ಎಂಟ ತಿಂಗಳ ಗೊತ್ತ ಆಗಲಿಲ್ಲ ನೋಡು."

"ನನಗ ಮೊದಲನೇ ದಿನಾನ ಗೊತ್ತಿತ್ತಲ್ರಿ. ಅವರ ಮನಿಯಾಕಿ ಹೆಪ್ಪಿಗೆ ಮಸರ ಕೇಳಾಕ ಬಂದಿದ್ಲು."

"ಮತ್ತ ಹೇಳಾಕ ಏನಾಗಿತ್ತು?"

"ಹೇಳಿದ್ರ ನಿಮ್ಮ ವಾಕಿಂಗ್ ಅವತ್ತ ನಿಲ್ತಿತ್ರಿ" ಎಂದು ಆಕೆ ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಮರುದಿನ ಐದೂವರೆಗೆ ಪಕ್ಕದ ಗೇಟಿನ ಮುಂದೆ ನಿಂತು ಕೂಗಿದೆ: "ರಾಮ್ ರಾಮ್ ಪಾವ್ಣಂ!" ಇನ್ನೇನು ತಿರುಗಬೇಕು, ಅಷ್ಟರಲ್ಲಿ ಬಾಗಿಲು ತೆರೆಯಿತು. ದಾದಾಸಾಹೇಬರು ಟೋಪಿ ಸರಿಮಾಡಿಕೊಳ್ಳುತ್ತ, ಲೇಸು ಕಟ್ಟದೆ, ಹೊರಗೆ ಬಂದರು. "ರಾಮ್ ರಾಮ್" ಎಂದರು. ರಸ್ತೆಯ ತಪ್ಪು ಬದಿ ಹಿಡಿದರು. ಬರೋಬರ್ ಹಾಯ್ ಎಂದೆ. ಮೊಣಕಾಲಿನ ವಿಚಾರ ಇಬ್ಬರೂ ತೆಗೆಯಲಿಲ್ಲ.

ಮನೆಗೆ ಬಂದು ಕುಳಿತೆ. ಹೆಂಡತಿ ಚಹಾ ತಂದಿಟ್ಟಳು. ಒಂದು ಗುಟುಕು ಕುಡಿದು, ಹಾಲು ಹೆಚ್ಚಾದದ್ದು, ಚಹಾಪುಡಿ ಕುದಿಯದೆ ಇದ್ದದ್ದು, ಐದು ನಿಮಿಷ ತಡವಾದದ್ದು ಇವನ್ನೆಲ್ಲ ಕ್ರಮವಾಗಿ ಹೇಳಲು ಬಾಯಿ ತೆರೆದೆ. ಆಕೆ ಕೈ ಅಡ್ಡ ಹಿಡಿದು, "ಮರಾಠಿಯೊಳಗ ಹೇಳ್ರಿ" ಎಂದಳು.

ಸ್ವಲ್ಪ ಹೊತ್ತು ಶಬ್ದಗಳಿಗಾಗಿ ತಡಕಾಡಿದೆ. ಆಮೇಲೆ ಚಹಾ ಕುಡಿದೆ.