ಪಟ್ಟಿಯಲ್ಲಿಲ್ಲದ ಬಸಳೆ

ಬೆಳಿಗ್ಗೆ ಆರು ಗಂಟೆ ಹದಿನೇಳು ನಿಮಿಷಕ್ಕೆ ಗಿರಿಯಪ್ಪನವರು ಬೋಳಾರದ ತಮ್ಮ ಮನೆಯ ಹಿಂಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತು, ಹೆಂಡತಿ ಒಂದು ಕೊಡ ನೀರು ಹೊರುವುದಕ್ಕೆ ಎಷ್ಟು ಹೊತ್ತು ಬೇಕೆಂದು ಅಳೆಯುತ್ತಿದ್ದರು.

ಅಳತೆಯ ವಿಷಯದಲ್ಲಿ ಅವರು ಯಾರಿಗೂ ಅನ್ಯಾಯ ಮಾಡಿದವರಲ್ಲ. ರಸಾಯನಶಾಸ್ತ್ರದ ಬಿಎಸ್ಸಿ. ಮೀನಿನ ಶೀತಲಗೃಹವೊಂದರಲ್ಲಿ ಮೂವತ್ತೊಂದು ವರ್ಷ ಬಂಗುಡೆಯ ಹೊಟ್ಟೆಗೆ ಥರ್ಮಾಮೀಟರ್ ಚುಚ್ಚಿ, ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆದು ನಿವೃತ್ತರಾದವರು. (ಮದುವೆಯಾದ ಹೊಸತರಲ್ಲಿ ವಾರಿಜಾಕ್ಷಿಗೆ ಜ್ವರ ಬಂದಾಗಲೂ ಮೊದಲು ಪೆನ್ನು ಹುಡುಕಿದ್ದರಂತೆ.) ಇವತ್ತಿನ ಪ್ರಯೋಗದಲ್ಲಿ ಕೊಡ ಹೊತ್ತವಳು ವಾರಿಜಾಕ್ಷಿ, ಗಡಿಯಾರ ಹೊತ್ತವರು ಗಿರಿಯಪ್ಪನವರು. ಅವಳು ನಳ್ಳಿಯಡಿಯಿಂದ ತುಂಬಿದ ಕೊಡ ಎತ್ತಿ, ತುಳಸಿಕಟ್ಟೆಯವರೆಗೆ ನಡೆದು, ನೀರು ಹೊಯ್ದು ವಾಪಸು ಬಂದಳು.

"ಐವತ್ತು ಸೆಕೆಂಡು," ಎಂದರು ಗಿರಿಯಪ್ಪನವರು.

"ಇನ್ನೊಮ್ಮೆ ಮಾಡ್ಬೇಕಾ?"

"ಶಾಸ್ತ್ರಪ್ರಕಾರ ಮೂರು ಸಲ ಅಳೀಬೇಕು. ಆದ್ರೆ ನಿನಗೆ ಭುಜ ನೋವಲ್ವಾ, ಬೇಡ ಬಿಡು."

ಆ ಮಾತಿನಲ್ಲಿ ಪ್ರೀತಿಯೇ ಇತ್ತು. ವಾರಿಜಾಕ್ಷಿ ಅದನ್ನು ಕೇಳಿಸಿಕೊಂಡು ಭುಜ ಒತ್ತಿಕೊಂಡಳು. ಗಿರಿಯಪ್ಪನವರು ಕಾಗದದಲ್ಲಿ ಗುಣಿಸಿದರು.

"ಮೂವತ್ತೆರಡು ಬಸಳೆ ಬುಡ, ಬುಡಕ್ಕೆ ಎರಡು ಕೊಡ, ಒಟ್ಟು ಅರವತ್ತನಾಲ್ಕು. ಕೊಡಕ್ಕೆ ಐವತ್ತು ಸೆಕೆಂಡು. ನೋಡು ವಾರಿಜಾ, ನೀನು ದಿನಾ ಬೆಳಿಗ್ಗೆ ಸತ್ತೆ ಸತ್ತೆ ಅಂತ ಹೇಳ್ತಿಯಲ್ಲ, ಆ ಕೆಲಸ ಐವತ್ತಮೂರು ನಿಮಿಷ ಇಪ್ಪತ್ತು ಸೆಕೆಂಡಿನದ್ದು. ಅಷ್ಟೇ!"

"ಅಷ್ಟೇಯಾ?" ಎಂದಳು ವಾರಿಜಾಕ್ಷಿ. ಮತ್ತೆ ಒಳಗೆ ಹೋಗಿ ಬಸ್ಸಿಗೆ ಚೀಲ ತೆಗೆದುಕೊಂಡಳು.

ವಿಷಯ ಇಷ್ಟು. ಕೂಳೂರು ಸೇತುವೆ ದಾಟಿ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ವಾರಿಜಾಕ್ಷಿಗೆ ನಲವತ್ತಾರು ಸೆಂಟ್ಸ್ ಜಾಗವುಂಟು. ತಾಯಿಯಿಂದ ಮಗಳಿಗೆ ಇಳಿದು ಬರುವ ಅವರ ಮನೆತನದ ಕ್ರಮದಂತೆ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಇವಳಿಗೆ ಬಂದದ್ದು. ಪಹಣಿಯಲ್ಲಿ ಅವಳೊಬ್ಬಳದೇ ಹೆಸರು. ಗಿರಿಯಪ್ಪನವರ ಹೆಸರು ಆ ಪಹಣಿಯ ಯಾವ ಕಾಲಮ್ಮಿನಲ್ಲೂ ಇಲ್ಲವಾದ್ದರಿಂದ ಅವರು ಅದನ್ನು ಬಾಯಿಯಲ್ಲೇ ಸರಿಪಡಿಸಿಕೊಂಡು 'ನಮ್ಮ ಕೃಷಿಭೂಮಿ' ಎನ್ನುತ್ತಿದ್ದರು.

ಹನ್ನೊಂದು ವರ್ಷಗಳಿಂದ ವಾರಿಜಾಕ್ಷಿ ಅಲ್ಲಿ ಬಸಳೆ ಬೆಳೆಸುತ್ತಿದ್ದಳು. ಬಸಳೆಯೆಂದರೆ ಅಂತಿಂಥದ್ದಲ್ಲ. ಎರಡು ಚಪ್ಪರ ತುಂಬ ಹಬ್ಬಿದ, ಹೆಬ್ಬೆರಳಿನಷ್ಟು ದಪ್ಪ ದಂಟಿನ ಬಸಳೆ. ಅದರ ಗುಟ್ಟು ಮೀನು. ಕಡಲಿನವರ ಮನೆಯ ಮಗಳಲ್ಲವೇ, ದೋಣಿಗಳು ಬರುವ ದಕ್ಕೆಯಿಂದ ಮೀನಿನ ತಲೆ, ಕರುಳು ತಂದು ಮುಚ್ಚಳದ ಡಬ್ಬಿಯಲ್ಲಿ ಕೊಳೆಸಿ ಬುಡಕ್ಕೆ ಹಾಕುತ್ತಿದ್ದಳು. ಆ ಡಬ್ಬಿಯೊಂದಿಗೆ ಅವಳು ಹತ್ತಿದ ದಿನ ಬಸ್ಸಿನ ಹಿಂದಿನ ಮೂರು ಸೀಟು ತಾವಾಗಿಯೇ ಖಾಲಿಯಾಗುತ್ತಿದ್ದವು. ಸೊಪ್ಪು ಕಟ್ಟು ಕಟ್ಟಿ ತಂದರೆ ಮಂಗಳಾದೇವಿಯ ಆಸುಪಾಸಿನವರು ಹೆಸರು ಹೇಳಿ ಕೇಳಿ ಒಯ್ಯುತ್ತಿದ್ದರು. ಮರುವಾಯಿ ಎಂಬ ಚಿಪ್ಪಿನ ಮೀನಿಗೂ ಬಸಳೆಗೂ ಇರುವ ಸಂಬಂಧ ಆ ಭಾಗದಲ್ಲಿ ಗಂಡ-ಹೆಂಡಿರ ಸಂಬಂಧಕ್ಕಿಂತ ಗಟ್ಟಿ.

ನೀರು ಮಾತ್ರ ಬಾವಿಯದು. ಹಗ್ಗ, ರಾಟೆ, ಕೊಡ, ಭುಜ. ಮೂರು ವರ್ಷದ ಹಿಂದೆಯೇ ಅವಳು, "ಒಂದು ಸಣ್ಣ ಪಂಪು ತಗೊಳ್ಳುವನಾ?" ಎಂದು ಕೇಳಿದ್ದಳು.

"ಸರಕಾರ ಕೊಡ್ಲಿಕ್ಕೆ ಕೂತಿರುವಾಗ ನಾವು ತಗೊಂಡ್ರೆ ಅದು ಸರಕಾರಕ್ಕೆ ಅವಮಾನ," ಎಂದಿದ್ದರು ಗಿರಿಯಪ್ಪನವರು. ಅಂದಿನಿಂದ ಅವರ ಸರಕಾರೀ ಅಧ್ಯಯನ ಶುರು. ರೈತರಿಗೆ ಬರುವ ಪ್ರತಿಯೊಂದು ಸುತ್ತೋಲೆ, ಪ್ರಕಟಣೆ, ಮೆಸೇಜು ವಾರಿಜಾಕ್ಷಿಯ ಮೊಬೈಲಿಗೆ ಬಂದು, ಅಲ್ಲಿಂದ ಇವರ ಮೊಬೈಲಿಗೆ ಹೋಗಿ, ಅಲ್ಲಿಂದ ಪ್ರಿಂಟಾಗಿ ಫೈಲು ಸೇರುತ್ತಿತ್ತು. ಅರ್ಜಿಗೆ ಕೆಂಪು ಫೈಲು, ಆಧಾರ್ ಜೋಡಣೆಗೆ ನೀಲಿ, ಬರಿದೇ ಮಾಹಿತಿಗೆ ಹಸಿರು. ಬೆಳಿಗ್ಗೆ ಅವಳು ನೀರುದೋಸೆ ಹೊಯ್ಯುವಾಗ ಇವರು ಯೋಜನೆಗಳನ್ನು ಓದಿ ಹೇಳುತ್ತಿದ್ದರು. ಜೇನು ಪೆಟ್ಟಿಗೆಗೆ ಎಷ್ಟು ಶೇಕಡಾ, ಎರೆಹುಳು ತೊಟ್ಟಿಗೆ ಎಷ್ಟು ಶೇಕಡಾ ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಬಾವಿಗೆ ಎಷ್ಟು ಮಾರು ಹಗ್ಗ ಬೇಕು ಎಂಬುದೊಂದು ಗೊತ್ತಿರಲಿಲ್ಲ.

ಕೊನೆಗೂ ಈ ಫೆಬ್ರವರಿಯಲ್ಲಿ ಬಂತು: ಸಣ್ಣ ಹಿಡುವಳಿದಾರರಿಗೆ ಪಂಪು ಮತ್ತು ಪೈಪಿಗೆ ಸಹಾಯಧನ. ಅರ್ಜಿಯಲ್ಲಿ 'ಈಗ ನೀರುಣಿಸಲು ತಗಲುವ ಸಮಯ' ಎಂಬ ಕಾಲಂ ಇದ್ದುದರಿಂದಲೇ ಬೆಳಗಿನ ಆ ಪ್ರಯೋಗ. ಅರ್ಜಿಯ ಜೊತೆಗೆ ಇನ್ನೊಂದು ಷರತ್ತು. ಜಾಗದಲ್ಲಿ ಏನು ಬೆಳೆಯುಂಟು ಎಂಬುದನ್ನು ರೈತರೇ ಮೊಬೈಲಿನ ಆ್ಯಪಿನಲ್ಲಿ ಘೋಷಿಸಿ ಫೋಟೋ ಹಾಕಬೇಕು.

ಮುಂದಿನ ಭಾನುವಾರ ಗಿರಿಯಪ್ಪನವರು ಟೇಪು ಹಿಡಿದು 'ತಮ್ಮ' ಕೃಷಿಭೂಮಿಗೆ ಆಗಮಿಸಿದರು. ಆ್ಯಪು 'ಜಾಗದ ಮಧ್ಯದಲ್ಲಿ ನಿಂತು ಫೋಟೋ ತೆಗೆಯಿರಿ' ಎಂದಿತು. ಬೇರೆ ಯಾರಾದರೂ ಚಪ್ಪರದಡಿ ನಿಂತು ಕ್ಲಿಕ್ಕಿಸುತ್ತಿದ್ದರು. ಗಿರಿಯಪ್ಪನವರು ನಾಲ್ಕು ಮೂಲೆಗೆ ಗೂಟ ಹೊಡೆದು, ಹಗ್ಗ ಕಟ್ಟಿ, ನಿಖರವಾದ ಮಧ್ಯಬಿಂದುವನ್ನು ಕಂಡುಹಿಡಿದರು. ಅದು ಎರಡು ಚಪ್ಪರಗಳ ನಡುವೆ, ವಾರಿಜಾಕ್ಷಿ ಡಬ್ಬಿ ತೊಳೆಯುವ ಬೋಳು ನೆಲದಲ್ಲಿ ಬಂದು ಬಿತ್ತು. ಅಲ್ಲೂ ಒಂದು ಗೂಟ ಹೊಡೆದು ನಿಂತರು. ಕೆಳಗೆ ನೋಡಿ ಫೋಟೋ ತೆಗೆದರು.

"ಇಷ್ಟು ಬಸಳೆ ಉಂಟು, ನೀವು ಮಣ್ಣಿನ ಪಟ ತೆಗೀತೀರಲ್ಲ ಮಾರಾಯ್ರೆ!" ಎಂದಳು ವಾರಿಜಾಕ್ಷಿ, ಬಾವಿಕಟ್ಟೆಯಿಂದ.

"ಮಧ್ಯ ಅಂದ್ರೆ ಮಧ್ಯ. ಸರಕಾರ ಕೇಳಿದ್ದನ್ನು ಕೊಡ್ಬೇಕು, ನಮಗೆ ಚಂದ ಕಂಡದ್ದನ್ನಲ್ಲ."

ನಂತರ ಬೆಳೆಗಳ ಪಟ್ಟಿ ತೆರೆಯಿತು. ಅಡಿಕೆ, ತೆಂಗು, ಭತ್ತ, ಹುರುಳಿ. ಗಿರಿಯಪ್ಪನವರು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎಂದು ನಾಲ್ಕು ಸಲ ತಿರುಗಿಸಿದರು. ಹರಿವೆ ಇತ್ತು, ಮೆಂತೆ ಇತ್ತು, ಪಾಲಕ್ ಇತ್ತು. ಬಸಳೆ ಇರಲಿಲ್ಲ. ಪಟ್ಟಿಯ ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ, 'ತಪ್ಪು ಮಾಹಿತಿ ನೀಡುವುದು ಶಿಕ್ಷಾರ್ಹ' ಎಂದಿತ್ತು.

ಪಕ್ಕದ ಜಾಗದ ಆಸ್ಯಮ್ಮ ಗೋಡೆಯ ಆಚೆಯಿಂದ ಇಣುಕಿದರು. ಅವರದೂ ಒಂದು ಬಸಳೆ ಚಪ್ಪರ, ಅವರದೂ ಪಂಪಿನ ಅರ್ಜಿ.

"ಗಿರಿಯಪ್ಪಣ್ಣ, ಪಾಲಕ್ ಅಂತ ಒತ್ತಿ ಆಯ್ತಲ್ಲ. ನಮ್ಮ ಸಬೀನಾ ಹಾಗೇ ಮಾಡಿದ್ಲು. ಎರಡು ನಿಮಿಷ ಹಿಡೀಲಿಲ್ಲ." ಸಬೀನಾ ಅವರ ಸೊಸೆ.

ಗಿರಿಯಪ್ಪನವರಿಗೆ ಬಂಗುಡೆಯನ್ನು ಬೂತಾಯಿ ಎಂದು ಲೇಬಲ್ ಮಾಡಿದಷ್ಟು ನೋವಾಯಿತು. "ಆಸ್ಯಮ್ಮ, ಪಾಲಕ್ ಮತ್ತು ಹರಿವೆ ಒಂದೇ ಸಸ್ಯಕುಟುಂಬದವು. ಬಸಳೆಯದ್ದು ಬೇರೆಯೇ ಕುಟುಂಬ."

"ಕುಟುಂಬ ಬೇರೆ ಆದ್ರೆ ಎಂತ? ಎಲೆ ಹಸಿರಲ್ವಾ?"

"ನಿಮ್ಮನ್ನು ನಾನು ಪಕ್ಕದ ಮನೆಯವರ ಹೆಸರಲ್ಲಿ ಬರ್ದ್ರೆ ಆಗ್ತದಾ?"

"ಪಂಪು ಸಿಗ್ತದಾದ್ರೆ ಬರೀರಿ," ಎಂದರು ಆಸ್ಯಮ್ಮ. ಗೋಡೆಯ ಎರಡೂ ಬದಿಯಲ್ಲಿ ಹೆಂಗಸರು ನಕ್ಕರು. ವಿಜ್ಞಾನ ಒಂಟಿಯಾಯಿತು.

"'ಇತರೆ ತರಕಾರಿ' ಅಂತ ಉಂಟಲ್ಲ, ಅದನ್ನಾದ್ರೂ ಒತ್ತಿ," ಎಂದಳು ವಾರಿಜಾಕ್ಷಿ.

"ಬಸಳೆ ಸೊಪ್ಪು, ತರಕಾರಿ ಅಲ್ಲ."

ನಲವತ್ತು ನಿಮಿಷದ ಚಿಂತನೆಯ ಬಳಿಕ ಗಿರಿಯಪ್ಪನವರಿಗೆ ಸತ್ಯದ ದಾರಿ ಕಂಡಿತು. ಪಟ್ಟಿಯಲ್ಲಿರುವ ಬೆಳೆಗಳಲ್ಲಿ ಒಂದೂ ಈ ಜಾಗದಲ್ಲಿಲ್ಲ. ಹಾಗಾದರೆ ಒತ್ತಬೇಕಾದದ್ದು ಕಟ್ಟಕಡೆಯ ಸಾಲು, 'ಬೆಳೆ ಇಲ್ಲ'. ಕೆಳಗೆ ಷರಾ ಬರೆಯುವ ಜಾಗ ಇದ್ದೇ ಇರುತ್ತದೆ, ಅಲ್ಲಿ ಬಸಳೆಯ ಸಂಗತಿಯನ್ನು ವಿವರವಾಗಿ ಬರೆಯಬಹುದು. ಒತ್ತಿದರು.

"ವಾರಿಜಾ, ಒಟಿಪಿ ಬಂತಾ?"

ಅವಳು ಕೊಡ ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿ, ಮೊಬೈಲು ತೆಗೆದು ಓದಿದಳು. "ಏಳು, ಸೊನ್ನೆ, ಸೊನ್ನೆ, ಮೂರು."

ಷರಾ ಬರೆಯುವ ಜಾಗ ಇರಲಿಲ್ಲ. 'ನಿಮ್ಮ ಘೋಷಣೆ ಸ್ವೀಕೃತವಾಗಿದೆ, ಧನ್ಯವಾದ' ಎಂದು ಬಂತು. ಸರಕಾರ ಇಷ್ಟು ಬೇಗ ಧನ್ಯವಾದ ಹೇಳಿದಾಗಲೇ ಗಿರಿಯಪ್ಪನವರಿಗೆ ಸಂಶಯ ಬರಬೇಕಿತ್ತು. ಬರಲಿಲ್ಲ.

ಮಾರ್ಚ್ ಕೊನೆಗೆ ಆಸ್ಯಮ್ಮನ ಜಾಗದಲ್ಲಿ ಪಂಪು ಬಂತು. ಅದೇ ವಾರ ವಾರಿಜಾಕ್ಷಿಯ ಬಲಭುಜ ಪೂರಾ ಹಿಡಿದುಕೊಂಡಿತು. ಕೈ ತಲೆಯ ಮಟ್ಟಕ್ಕೂ ಏಳದು. ಡಾಕ್ಟರು ಆರು ವಾರ ಕೊಡ ಮುಟ್ಟಬಾರದೆಂದರು. ಬಿಸಿಲು ಬೆಂಕಿಯಂತೆ ಇಳಿಯುತ್ತಿತ್ತು. ಎರಡು ದಿನ ನೀರಿಲ್ಲದಿದ್ದರೆ ಬಸಳೆ ತಲೆ ಬಾಗಿಸುತ್ತದೆ, ಐದನೆಯ ದಿನ ಹನ್ನೊಂದು ವರ್ಷದ ಚಪ್ಪರ ಸೌದೆ.

ಇಬ್ಬರೂ ರೈತ ಸಂಪರ್ಕ ಕೇಂದ್ರಕ್ಕೆ ಓಡಿದರು. ಅಲ್ಲಿದ್ದ ಸಂಚಿತಾ ಎಂಬ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ ತಲೆ ಕೆರೆದುಕೊಂಡಳು.

"ಅಮ್ಮ, ನಿಮ್ಮ ಅರ್ಜಿ ರಿಜೆಕ್ಟ್ ಆಗಿದೆ. ನಿಮ್ಮ ಜಾಗದಲ್ಲಿ ಬೆಳೆಯೇ ಇಲ್ಲ ಅಲ್ವಾ? ಬೆಳೆ ಇಲ್ಲದವರಿಗೆ ಪಂಪು ಯಾಕೆ ಅಂತ ಕೇಳ್ತದೆ."

"ಬೆಳೆ ಇಲ್ಲ ಅಂತ ಯಾರು ಹೇಳಿದ್ದು?"

"ನೀವೇ. ಸ್ವಯಂ ಘೋಷಣೆ. ನಿಮ್ಮದೇ ಒಟಿಪಿ. ಫೋಟೋ ಕೂಡ ಉಂಟು ನೋಡಿ." ಪರದೆಯನ್ನು ತಿರುಗಿಸಿದಳು. ಬೋಳು ನೆಲ, ನಟ್ಟನಡುವೆ ಒಂದು ಗೂಟ, ಗೂಟದ ಮೇಲೆ ಹಾದುಹೋದ ಉದ್ದನೆಯ ನೆರಳು. "ಈ ನೆರಳು ಯಾರದ್ದು?"

"ಅದು ನಮ್ಮ ಮನೆಯ ಕೃಷಿಕರದ್ದು," ಎಂದಳು ವಾರಿಜಾಕ್ಷಿ.

ಗಿರಿಯಪ್ಪನವರು ಗಂಟಲು ಸರಿಮಾಡಿಕೊಂಡರು. "ಅಲ್ಲಮ್ಮ, ಬಸಳೆ ಪಾಲಕ್ಕಿನ ಕುಟುಂಬಕ್ಕೆ ಸೇರುವುದಿಲ್ಲವಾದ್ದರಿಂದ..."

"ಸರ್, ಬಸಳೆ ಇದ್ದವರೆಲ್ಲ ಪಾಲಕ್ ಅಂತ್ಲೇ ಹಾಕಿದ್ದು. ಆಕ್ಷೇಪಣೆ ಇದ್ರೆ ಹದಿನೈದು ದಿನದೊಳಗೆ ತಿಳಿಸಿ ಅಂತ ಮೆಸೇಜ್ ಕೂಡ ಬಂದಿರ್ತದೆ. ಬರ್ಲಿಲ್ವಾ?"

ಬಂದಿತ್ತು. ಪ್ರಿಂಟಾಗಿತ್ತು. ಎರಡು ತೂತು ಹೊಡೆದು ಹಸಿರು ಫೈಲಿನಲ್ಲಿ ನೀಟಾಗಿ ಕುಳಿತಿತ್ತು.

"ಇನ್ನು ಮುಂದಿನ ಹಂಗಾಮಿನ ಸಮೀಕ್ಷೆಗೆ ಸರಿಮಾಡ್ಬಹುದು ಅಮ್ಮ. ಮಳೆಗಾಲದಲ್ಲಿ," ಎಂದಳು ಸಂಚಿತಾ. ಮಳೆಗಾಲದಲ್ಲಿ ನೀರು ಹೊಯ್ಯುವ ಪಂಪಿಗೆ ಅರ್ಜಿ ಹಾಕುವುದರಲ್ಲಿರುವ ಸೊಗಸನ್ನು ಮೂವರೂ ಅನುಭವಿಸಿದರು.

ವಾಪಸು ಬಸ್ಸಿನಲ್ಲಿ ವಾರಿಜಾಕ್ಷಿ ಕೂಳೂರು ಸೇತುವೆ ಬಂದ ಮೇಲೆ ಮಾತಾಡಿದಳು. ದನಿ ಏರಿರಲಿಲ್ಲ, ಗಿರಿಯಪ್ಪನವರಿಗೆ ಹೆದರಿಕೆಯಾದದ್ದು ಅದಕ್ಕೇ.

"ಹನ್ನೊಂದು ವರ್ಷ. ಕೆಂಪು, ನೀಲಿ, ಹಸಿರು ಫೈಲಲ್ಲಿ ಎಲ್ಲದಕ್ಕೂ ಜಾಗ ಉಂಟು. ನಾನು ಮಾಡಿದ್ದಕ್ಕೆ ಮಾತ್ರ 'ಇಲ್ಲ' ಅಂತ ಒತ್ತಿದ್ರಿ. ಅದೂ ನನ್ನ ಬಾಯಿಂದ್ಲೇ ನಂಬರು ಹೇಳಿಸಿ."

"ಸುಳ್ಳು ಹೇಳ್ಬಾರ್ದು ಅಂತ..."

"ಬಸಳೆ ಇಲ್ಲ ಅಂದದ್ದು ಸತ್ಯವಾ?"

ಗಿರಿಯಪ್ಪನವರು ಮೂವತ್ತೊಂದು ವರ್ಷದ ಅನುಭವವನ್ನೆಲ್ಲ ತಡಕಿದರು. ಈ ಪ್ರಶ್ನೆಗೆ ಚುಚ್ಚುವ ಥರ್ಮಾಮೀಟರ್ ಸಿಗಲಿಲ್ಲ. "ನಾಳೆಯಿಂದ ನೀರು ನಾನು ಹೊಯ್ತೇನೆ," ಎಂದುಬಿಟ್ಟರು. ಅಂಗಡಿಯಿಂದ ಪಂಪು ತರುವ ಮಾತನ್ನೂ ಅರ್ಧ ಆಡಿದರು. ಆದರೆ ಅವಳು ಅಷ್ಟರಲ್ಲಿ, "ಬೇಡ. ಸರಕಾರಕ್ಕೆ ಅವಮಾನ," ಎಂದು ಆ ಬಾಗಿಲನ್ನು ಮುಚ್ಚಿದಳು.

ಮರುದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಗಿರಿಯಪ್ಪನವರು ಮೊದಲ ಕೊಡ ಇಳಿಸಿದರು. ವಾರಿಜಾಕ್ಷಿ ಬಲಗೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿಕೊಂಡು ಬಾವಿಕಟ್ಟೆಯಲ್ಲಿ ಕುಳಿತಳು. ಗಿರಿಯಪ್ಪನವರ ಕೈಗಡಿಯಾರ ಅವಳ ಮಡಿಲಲ್ಲಿತ್ತು (ನೀರು ತಾಗುತ್ತದೆಂದು ಅವರೇ ಬಿಚ್ಚಿಕೊಟ್ಟದ್ದು).

ಬೋಳಾರದ ನಳ್ಳಿಗೂ ಈ ಜಾಗದ ಬಾವಿಗೂ ಇರುವ ವ್ಯತ್ಯಾಸ ಅವರಿಗೆ ಎರಡನೆಯ ಕೊಡಕ್ಕೇ ತಿಳಿಯಿತು. ನಳ್ಳಿಯ ನೀರು ತಾನಾಗಿ ಬರುತ್ತದೆ, ಬಾವಿಯ ನೀರನ್ನು ಕರೆತರಬೇಕು. ಆರನೆಯದಕ್ಕೆ ಅಂಗೈಯಲ್ಲಿ ಬೊಕ್ಕೆ ಎದ್ದಿತು. ಒಂಬತ್ತನೆಯದರಲ್ಲಿ ಅರ್ಧ ಕೊಡ ಅವರದೇ ಲುಂಗಿಗೆ ಬಿತ್ತು. ಹದಿಮೂರಕ್ಕೆ ರಾಟೆ ಕೀರಲು ದನಿಯಲ್ಲಿ ಅವರ ಹೆಸರು ಹಿಡಿದು ಕರೆದಂತೆ ಕೇಳಿಸತೊಡಗಿತು. ಹತ್ತೊಂಬತ್ತನೆಯ ಕೊಡವನ್ನು ಬುಡಕ್ಕೆ ಹೊಯ್ದು ಅಲ್ಲೇ ಚಪ್ಪರದ ಕಂಬ ಹಿಡಿದು ನಿಂತರು. ಇಷ್ಟು ಹತ್ತಿರದಿಂದ ಅವರು ಆ ಬಸಳೆಯನ್ನು ನೋಡಿದ್ದು ಅದೇ ಮೊದಲು. ಚೆನ್ನಾಗಿತ್ತು. ಹೇಳಬೇಕೆನ್ನಿಸಿತು, ಉಸಿರಿರಲಿಲ್ಲ.

"ಗಂಟೆ ಎಷ್ಟಾಯ್ತು?" ಎಂದಷ್ಟೇ ಕೇಳಿದರು.

"ಎಂಟೂ ಹತ್ತು," ಎಂದಳು ವಾರಿಜಾಕ್ಷಿ. "ಇನ್ನು ನಲವತ್ತೈದು ಕೊಡ ಉಂಟು."

ಗೋಡೆಯ ಆಚೆ ಆಸ್ಯಮ್ಮನ ಪಂಪು ಗುರ್ ಎನ್ನುತ್ತಿತ್ತು. ಸರಕಾರೀ ಪಾಲಕ್ಕಿಗೆ ಧಾರಾಕಾರ ನೀರು. ಗಿರಿಯಪ್ಪನವರ ಸ್ಥಿತಿ ಕಂಡ ಆಸ್ಯಮ್ಮ ಉದ್ದದ ಪೈಪನ್ನು ಎಳೆದು ತಂದು, ಗೋಡೆಯ ಮೇಲಿಟ್ಟು ಕೂಗಿದರು.

"ವಾರಿಜಕ್ಕಾ, ನಮ್ಮ ಪೈಪು ನಿಮ್ಮ ಚಪ್ಪರಕ್ಕೆ ಮುಟ್ತದೆ. ಗಿರಿಯಪ್ಪಣ್ಣ ಸಾಯ್ತಾರೆ ಮಾರಾಯ್ತಿ! ಬಿಡ್ಲಾ ನೀರು?"

ಗಿರಿಯಪ್ಪನವರು ಕಂಬ ಹಿಡಿದುಕೊಂಡೇ, ಬಾಯಾರಿದ ಬಸಳೆಯಂತೆ ಹೆಂಡತಿಯ ಮುಖ ನೋಡಿದರು.

ವಾರಿಜಾಕ್ಷಿ ಗಡಿಯಾರವನ್ನೊಮ್ಮೆ ನೋಡಿ, ಗೋಡೆಯ ಕಡೆಗೆ ತಿರುಗಿ ನಿಧಾನವಾಗಿ ಹೇಳಿದಳು.

"ಬೇಡ ಆಸ್ಯಮ್ಮ, ಅವರು ಮೊದಲೇ ಲೆಕ್ಕ ಹಾಕಿದ್ದಾರೆ. ಇದು ಐವತ್ತಮೂರು ನಿಮಿಷ ಇಪ್ಪತ್ತು ಸೆಕೆಂಡು."